ಮಾತ್ರೆ ಶುರುವಾಗಿ ಒಂದೂವರೆ ವರ್ಷ, ತೂಕ 23 ಕೆಜಿ ಜಾಸ್ತಿ: ಹಗಲು ಕೇಂದ್ರದಲ್ಲಿ ವಾಕಿಂಗು, ಊಟದ ಕಾರ್ಯಕ್ರಮ ಹೆಂಗೆ ಮಾಡೋದು?

ತಮ್ಮನ ಅಕ್ಕ, ಹಾಸನ | ಶುಕ್ರವಾರ ರಾತ್ರಿ 11.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ 26 ವರ್ಷ. ಸ್ಕಿಜೋಫ್ರೇನಿಯಾ. ಓಲಾಂಜಪಿನ್ ಶುರು ಮಾಡಿ ಒಂದೂವರೆ ವರ್ಷ ಆಯ್ತು. ಮಾತ್ರೆಯನ್ನ ನಾನು ದೂರ್ತಿಲ್ಲ, ಅದರಿಂದಾನೇ ನಮ್ಮ ಮನೆಗೆ ನಿದ್ದೆ ವಾಪಸ್ ಬಂದಿದ್ದು. ಕಿವಿಯಲ್ಲಿ ಯಾರೋ ಬೈಯೋದು ನಿಂತಿತು, ನಡುರಾತ್ರಿ ಚಿಲಕ ತೆಗೆದು ಬಿ.ಎಂ. ರಸ್ತೆ ಕಡೆ ಹೊರಟುಬಿಡೋದು ನಿಂತಿತು. ಆದ್ರೆ 58 ಕೆಜಿ ಇದ್ದೋನು ಈಗ 81. ಯುಗಾದಿಗೆ ಹೊಲಿಸಿದ ಪ್ಯಾಂಟಿನ ಗುಂಡಿ ಕೂರಲ್ಲ. ಪಿನ್ನು ಹಾಕ್ಕೊಂಡು ಮೇಲೆ ಷರ್ಟು ಇಳಿಬಿಡ್ತಾನೆ.

ಈಗ ಅರ್ಧ ಗಂಟೆ ಹಿಂದೆ ಅಡುಗೆಮನೆ ಲೈಟ್ ಹಾಕಿದ್ರೆ, ಕತ್ತಲಲ್ಲೇ ನೆಲದ ಮೇಲೆ ಕೂತು, ತಪ್ಪಲೆಯಲ್ಲಿ ಉಳಿದಿದ್ದ ಅನ್ನಕ್ಕೆ ಸಕ್ಕರೆ ಕಲಸ್ಕೊಂಡು ತಿಂತಿದ್ದ. ಎರಡು ಮುದ್ದೆ ಉಂಡು ಇನ್ನೂ ಎರಡು ಗಂಟೆ ಆಗಿರಲಿಲ್ಲ. "ಅಕ್ಕ, ಹೊಟ್ಟೆ ತುಂಬಿರೋದು ಗೊತ್ತಾಗ್ತಿದೆ, ಹಸಿವು ಮಾತ್ರ ಹೋಗ್ತಿಲ್ಲ" ಅಂದ. ಬೈಯೋಕೆ ಬಾಯಿ ತೆಗೆದೋಳು ಸುಮ್ಮನಾದೆ.

ವಾರಕ್ಕೆ ನಾಲ್ಕು ದಿನ ಮಾನಸಿಕ ಕಾಯಿಲೆ ಇರೋರಿಗೆ ಅಂತ ಇರೋ ಒಂದು ಹಗಲು ಕೇಂದ್ರಕ್ಕೆ ಹೋಗ್ತಾನೆ (ಹೆಸರು ಬೇಡ, ಅಲ್ಲಿನವರು ಒಳ್ಳೇ ಜನ). ಹನ್ನೊಂದಕ್ಕೆ ಟೀ, ಬನ್ನು. ಮೂರೂವರೆಗೆ ಟೀ, ಬಿಸ್ಕತ್ತು. ಮಿಕ್ಕ ಹೊತ್ತು ಕೂತು ಕವರ್ ಅಂಟಿಸೋದು, ಟಿವಿ ನೋಡೋದು. ಹೋದ ತಿಂಗಳು ಎಲ್ಲರಿಗೂ ಒಂದು ಹಾಳೆ ಹಂಚಿದ್ರು: ಓಟ್ಸ್ ತಿನ್ನಿ, ಆಲಿವ್ ಎಣ್ಣೆ ಬಳಸಿ, ಬ್ರಕೋಲಿ ಬೇಯಿಸಿ, ದಿನಾ ಒಂದು ಗಂಟೆ ವ್ಯಾಯಾಮ ಮಾಡಿ. ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಸೊಪ್ಪಿನವಳ ಹತ್ರ ಹೋಗಿ ಬ್ರಕೋಲಿ ಕೇಳಿ ನೋಡಿ, ನಿಮ್ಮ ಮುಖವನ್ನೇ ನೋಡ್ತಾಳೆ. ಮನೆಯವರ ಸಭೆಯಲ್ಲಿ ಇದನ್ನೇ ಸ್ವಲ್ಪ ಜೋರಾಗಿ ಹೇಳಿಬಿಟ್ಟೆ. "ಹಂಗಾದ್ರೆ ನೀವೇ ಏನಾದ್ರೂ ಬರ್ಕೊಂಡು ಬನ್ನಿ" ಅಂದಿದ್ದಾರೆ. ಮುಂದಿನ ಶನಿವಾರ ಸಭೆ. ಬರೋರು 22 ಜನ, ಸಿಬ್ಬಂದಿ ಮೂರು, ಅಡುಗೆಯ ಆಯಮ್ಮ ಒಬ್ರು. ದುಡ್ಡು ಇಲ್ಲ ಅಂತಲೇ ಇಟ್ಕೊಳ್ಳಿ. ಏನು ಬರೀಲಿ?

ಸಿಸ್ಟರ್ ಅರಕಲಗೂಡು | ಶನಿವಾರ ಬೆಳಗ್ಗೆ 6.15

ಬೈಯದೇ ಇದ್ದದ್ದು ಒಳ್ಳೇದಾಯ್ತು ಕಣಮ್ಮ. ನಾನು ರಿಟೈರ್ಡ್ ನರ್ಸು, ಇಂಥ ಅಕ್ಕಂದಿರನ್ನ ತುಂಬಾ ಜನ ನೋಡಿದೀನಿ. ಅವನು ಹೇಳಿದ ಮಾತು ನೂರಕ್ಕೆ ನೂರು ನಿಜ. ಆ ಮಾತ್ರೆ ಮಿದುಳಲ್ಲಿ ಹಿಸ್ಟಮಿನ್, ಸೆರೊಟೋನಿನ್‌ನ ಕೆಲವು ಬಾಗಿಲುಗಳನ್ನ ಮುಚ್ಚುತ್ತೆ, ಅದಕ್ಕೇ 'ಸಾಕು' ಅನ್ನೋ ಸುದ್ದಿ ಮೇಲಕ್ಕೆ ಸರಿಯಾಗಿ ಮುಟ್ಟಲ್ಲ. ಈ ಕಾಯಿಲೆಗೆ ಕೊಡೋ ಮಾತ್ರೆಗಳಲ್ಲಿ ತೂಕ ಏರಿಸೋದರಲ್ಲಿ ಓಲಾಂಜಪಿನ್, ಕ್ಲೋಜಪಿನ್ ಎರಡೂ ಮುಂದು. ರಿಸ್ಪೆರಿಡೋನ್, ಕ್ವೆಟಿಯಾಪಿನ್ ನಡುವೆ. ಅರಿಪಿಪ್ರಜೋಲ್ ಕಡಿಮೆ. ಹಂಗಂತ ನೀವೇ ಮಾತ್ರೆ ಕಮ್ಮಿ ಮಾಡೋಕೆ ಹೋಗಬೇಡಿ. ಡಾಕ್ಟ್ರಿಗೆ ಎರಡು ಪ್ರಶ್ನೆ ಕೇಳಿ: ಮಾತ್ರೆ ಬದಲಾಯಿಸೋಕೆ ಆಗುತ್ತಾ? ಆಗಲ್ಲ ಅಂದ್ರೆ ಮೆಟ್‌ಫಾರ್ಮಿನ್ ಕೊಡಬಹುದಾ? ಸಕ್ಕರೆ ಕಾಯಿಲೆ ಇಲ್ಲದೋರಿಗೂ ಈ ತೂಕಕ್ಕೆ ಅದನ್ನ ಕೊಡ್ತಾರೆ. ಅವರಾಗಿ ಹೇಳೋವರೆಗೂ ಕಾಯಬೇಡಿ, ಒಪಿಡಿ ಗದ್ದಲದಲ್ಲಿ ಒಬ್ಬೊಬ್ಬರಿಗೆ ಸಿಗೋದು ಐದು ನಿಮಿಷ.

ಕೇಂದ್ರಕ್ಕೆ ಮೊದಲು ಬೇಕಾಗಿರೋದು ವಾಕಿಂಗೂ ಅಲ್ಲ, ಸೊಪ್ಪೂ ಅಲ್ಲ. ಒಂದು ತೂಕದ ಯಂತ್ರ, ಒಂದು ಟೈಲರ್ ಟೇಪು, ಒಂದು ಪುಸ್ತಕ. ಮಾತ್ರೆ ಶುರುವಾದ ದಿನವೇ ತೂಕ, ಸೊಂಟ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ಬರೆದಿಡಬೇಕು. ತೂಕವನ್ನ 4, 8, 12ನೇ ವಾರ ಮತ್ತೆ ನೋಡಬೇಕು. ರಕ್ತ ಮತ್ತು ಬಿಪಿ 12ನೇ ವಾರ, ಆಮೇಲೆ ವರ್ಷಕ್ಕೊಂದು ಸಲವಾದ್ರೂ. ತೂಕ ಜಾಸ್ತಿ ಏರೋದೇ ಮೊದಲ ಕೆಲವು ತಿಂಗಳಲ್ಲಿ, ಏರಿದ್ದನ್ನ ಇಳಿಸೋಕಿಂತ ಏರದಂಗೆ ಹಿಡಿಯೋದು ಸುಲಭ. ಹೊಸದಾಗಿ ಸೇರೋರನ್ನ ಮೊದಲು ಹಿಡ್ಕೊಳ್ಳಿ.

ಸೊಂಟದ ಅಳತೆ ನಮ್ಮ ಜನಕ್ಕೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಟೇಪು ಹಿಡಿಯೋದು ಪ್ಯಾಂಟು ಕಟ್ಟೋ ಜಾಗದಲ್ಲಲ್ಲ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ.

ಪಿಟಿ ಮೇಷ್ಟ್ರು, ಚನ್ನರಾಯಪಟ್ಟಣ | ಶನಿವಾರ ಬೆಳಗ್ಗೆ 7.02

ಇದಕ್ಕೆಲ್ಲ ಒಂದೇ ಮದ್ದು, ಶಿಸ್ತು. ಬೆಳಗ್ಗೆ 5.30ಕ್ಕೆ ಎಬ್ಬಿಸಿ, ಸ್ಟೇಡಿಯಂನಲ್ಲಿ ನಾಲ್ಕು ಸುತ್ತು ಓಡಿಸಿ, 24 ಸೂರ್ಯ ನಮಸ್ಕಾರ ಮಾಡಿಸಿ. ರಾತ್ರಿ ಅನ್ನ ಬಂದ್. ಮೂರು ತಿಂಗಳಲ್ಲಿ 15 ಕೆಜಿ ಇಳೀತಾನೆ. 30 ವರ್ಷದಿಂದ ಮಕ್ಕಳನ್ನ ಓಡಿಸ್ತಿದೀನಿ, ಅನುಭವದ ಮಾತು.

ನಾನೂ ಮಾತ್ರೆಯವನೇ | ಶನಿವಾರ ಬೆಳಗ್ಗೆ 9.40

ಮೇಷ್ಟ್ರೇ, ಸಿಟ್ಟು ಮಾಡ್ಕೋಬೇಡಿ, ನಿಮ್ಮ 5.30 ಗಂಟೆ ಓದಿ ನಗು ಬಂತು. ನಾನು ಬೈಪೋಲಾರ್‌ಗೆ (ಮನಸ್ಸು ಒಮ್ಮೆ ಅತಿಯಾಗಿ ಏರಿ, ಒಮ್ಮೆ ಕುಸಿಯೋ ಕಾಯಿಲೆ) ಹನ್ನೊಂದು ವರ್ಷದಿಂದ ಮಾತ್ರೆ ತಗೊಳ್ಳೋನು. ರಾತ್ರಿ ಮಾತ್ರೆ ನುಂಗಿದೋನಿಗೆ ಬೆಳಗ್ಗೆ ಎಂಟರವರೆಗೆ ಕಾಲು ಯಾರದೋ, ಮೈ ಯಾರದೋ. ಗಬಕ್ಕನೆ ಎದ್ದು ನಿಂತ್ರೆ ಕಣ್ಣು ಕತ್ತಲೆ. ಸೂರ್ಯ ನಮಸ್ಕಾರದಲ್ಲಿ ತಲೆ ಕೆಳಗೆ, ತಲೆ ಮೇಲೆ ಅಂತ 24 ಸಲ ಮಾಡಿಸಿದ್ರೆ ನಮ್ಮಲ್ಲಿ ಅರ್ಧ ಜನ ಅಲ್ಲೇ ಬೀಳ್ತೀವಿ. ಸೋಮಾರಿತನ ಅಂತ ಜನ ಅನ್ನೋದರಲ್ಲಿ ಮುಕ್ಕಾಲು ಭಾಗ ಮಾತ್ರೆಯದ್ದು, ಕಾಯಿಲೆಯದ್ದು.

ಬೈಪೋಲಾರ್‌ಗೆ ಕೊಡೋ ಲಿಥಿಯಂ ಮಾತ್ರೆ ತಗೊಳ್ಳೋರು ಗುಂಪಲ್ಲಿದ್ರೆ ಇದನ್ನ ದಪ್ಪ ಅಕ್ಷರದಲ್ಲಿ ಬರೀರಿ: ಇದ್ದಕ್ಕಿದ್ದಂಗೆ ಉಪ್ಪು ಬಿಡೋದು, ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡೀದೇ ಇರೋದು, ಎರಡೂ ಅಪಾಯ. ರಕ್ತದಲ್ಲಿ ಲಿಥಿಯಂ ಏರಿಬಿಡುತ್ತೆ. ಕೈ ನಡುಕ ಜೋರಾಗುತ್ತೆ, ವಾಂತಿ, ಭೇದಿ, ತೂರಾಟ. ನಾಲ್ಕು ವರ್ಷದ ಹಿಂದೆ ಯಾರೋ ಹೇಳಿದ್ರು ಅಂತ ನಾನು ಉಪ್ಪಿಲ್ಲದ ಊಟ ಶುರು ಮಾಡಿ ಆಸ್ಪತ್ರೆ ಸೇರಿದೋನು. ಅವತ್ತು ಕಾಫಿ ಲೋಟ ಬಾಯಿಗೆ ತಗೊಂಡ್ರೆ ಅರ್ಧ ಅಂಗಿ ಮೇಲೆ.

ಇನ್ನೊಂದು. ತೂಕ ನೋಡುವಾಗ ಎಲ್ಲರೆದುರು ಕೂಗಿ ಹೇಳಬೇಡಿ. ಹಿಂದೆ ನಾನು ಹೋಗ್ತಿದ್ದ ಒಂದು ಕಡೆ ಗೋಡೆ ಮೇಲೆ ಪಟ್ಟಿ ಅಂಟಿಸಿದ್ರು, ಹೆಸರಿನ ಎದುರು ಕೆಜಿ. ಮಾರನೇ ವಾರದಿಂದ ನಾಲ್ಕು ಜನ ಬರೋದೇ ಬಿಟ್ರು. ಅದರಲ್ಲಿ ನಾನೊಬ್ಬ.

ಮೂಡಿಗೆರೆ ಮಳೆ | ಶನಿವಾರ ಮಧ್ಯಾಹ್ನ 1.30

ನಾನು ಸ್ವಲ್ಪ ಕಹಿ ಮನುಷ್ಯ, ಮೊದಲೇ ಹೇಳಿಬಿಡ್ತೀನಿ. ಇಂಥ ಯೋಜನೆಗಳು ಉದ್ಘಾಟನೆ ದಿನ ಚೆನ್ನಾಗಿರ್ತಾವೆ. ಟೋಪಿ, ಬ್ಯಾನರ್ರು, ಫೋಟೋ. ಮುಂದಿನ ವಾರ ಯಾರೂ ಇರಲ್ಲ.

ನಮ್ಮ ಚಿಕ್ಕಪ್ಪನ ಕತೆ ಕೇಳಿ. ಮಾನಸಿಕ ಕಾಯಿಲೆಗೆ ಆರು ವರ್ಷ ಮಾತ್ರೆ. ಅಂಗಾಲು ಉರಿ, ಬಾಯಾರಿಕೆ ಅಂತ ಎರಡು ವರ್ಷ ಹೇಳಿದ್ರು. ಅವರು ಹೋಗ್ತಿದ್ದ ಕಡೆ "ಅದೆಲ್ಲ ಮನಸ್ಸಿನದ್ದು, ಮಾತ್ರೆ ಸರಿಯಾಗಿ ತಗೊಳ್ಳಿ" ಅಂದ್ರು. ತೋಟದಲ್ಲಿ ಕಾಲಿಗೆ ಕೂಳೆ ಚುಚ್ಚಿ ಆದ ಗಾಯ ಎರಡು ತಿಂಗಳಾದ್ರೂ ಮಾಯಲಿಲ್ಲ, ಆಗ ಬೇರೆ ಯಾರೋ ರಕ್ತ ನೋಡಿದ್ರು. ಸಕ್ಕರೆ 380. ಆರು ವರ್ಷದಲ್ಲಿ ಒಂದು ಸಲವೂ ಯಾರೂ ಬೆರಳು ಚುಚ್ಚಿರಲಿಲ್ಲ. ತಲೆ ಸರಿಯಿಲ್ಲ ಅಂತ ಒಂದು ಸಲ ಚೀಟಿಯಲ್ಲಿ ಬರೆದ್ರೆ ಮುಗೀತು, ಕಾಲು ನೋವು ಅಂದ್ರೂ ತಲೆಯನ್ನೇ ನೋಡ್ತಾರೆ.

ಇನ್ನು ವಾಕಿಂಗು. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಂದು ನಡೆದು ತೋರಿಸಿ. ಛತ್ರಿ ಹಿಡ್ಕೊಂಡು ಜಿಗಣೆ ಕೀಳೋದೇ ವ್ಯಾಯಾಮ.

ಕ್ಷೇತ್ರ ಕೆಲಸ | ಶನಿವಾರ ರಾತ್ರಿ 8.20

ನಾನು ಮನೋಸಾಮಾಜಿಕ ಕಾರ್ಯಕರ್ತೆ, ಜಿಲ್ಲೆ ಹೇಳಲ್ಲ. ಮೂಡಿಗೆರೆಯವರ ಕಹಿ ನನಗೆ ಅರ್ಥ ಆಗುತ್ತೆ. ತೀವ್ರ ಮಾನಸಿಕ ಕಾಯಿಲೆ ಇರೋರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆತ್ಮಹತ್ಯೆ ಒಂದು ಕಾರಣ ಹೌದು, ಆದ್ರೆ ಹೆಚ್ಚಿನ ಸಾವು ಹೃದಯ, ಸಕ್ಕರೆ ಕಾಯಿಲೆ, ಶ್ವಾಸಕೋಶ ಇಂಥವುಗಳಿಂದ. ಅಂದ್ರೆ ಬೇರೆಯವರಿಗೆ ಬಂದ್ರೆ ನಾವು ಸಮಯಕ್ಕೆ ನೋಡೋ ಕಾಯಿಲೆಗಳಿಂದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ನು ಇವರನ್ನ ದೈಹಿಕ ಕಾಯಿಲೆಯವರಿಗೆ ಸಮನಾಗಿ ನೋಡಬೇಕು ಅನ್ನುತ್ತೆ. ಬೆರಳು ಚುಚ್ಚಿ ಸಕ್ಕರೆ ನೋಡೋದು ಅದರಲ್ಲಿ ಬರದೇ ಇದ್ರೆ ಇನ್ಯಾವುದು ಬರುತ್ತೆ?

ಅಕ್ಕಾವ್ರೇ, ನಿಮ್ಮ ಪ್ರಶ್ನೆಗೆ ಬರ್ತೀನಿ. ಹಾಳೆ ಹಂಚೋದು, ಪಾಠ ಮಾಡೋದು ಯಾಕೆ ಸಾಲಲ್ಲ ಅನ್ನೋದಕ್ಕೆ ನನ್ನ ಹತ್ರ ಮೂರು ಉದಾಹರಣೆ ಇವೆ. ಬ್ರಿಟನ್ನಿನಲ್ಲಿ ಸ್ಟೆಪ್‌ವೈಸ್ ಅಂತ ದೊಡ್ಡ ಪ್ರಯೋಗ ನಡೆದಿತ್ತು, 414 ಜನ. ನಾಲ್ಕು ವಾರ ಗುಂಪಿನಲ್ಲಿ ಕೂರಿಸಿ ಪಾಠ, ಆಮೇಲೆ ಆಗಾಗ ನೆನಪಿಸೋ ತರಗತಿ. ಪಾಠ ಚೆನ್ನಾಗೇ ಇತ್ತು. ಒಂದು ವರ್ಷ ಆದ್ಮೇಲೆ ನೋಡಿದ್ರೆ, ಪಾಠ ಕೇಳಿದವರಿಗೂ ಕೇಳದವರಿಗೂ ತೂಕದಲ್ಲಿ ವ್ಯತ್ಯಾಸವೇ ಇಲ್ಲ. 2018ರಲ್ಲಿ ವರದಿ ಬಂತು. ಅದಕ್ಕೂ ಮುಂಚೆ, 2013ರಲ್ಲಿ, ಅಮೆರಿಕದ ಮೇರಿಲ್ಯಾಂಡಿನ ಅಚೀವ್ ಪ್ರಯೋಗದ ಫಲಿತಾಂಶ ಬಂದಿತ್ತು, 291 ಜನ. ಅವರು ಮಾಡಿದ್ದು ನಿಮ್ಮದರಂಥ ಪುನರ್ವಸತಿ ಕೇಂದ್ರಗಳಲ್ಲೇ. ಅಲ್ಲೇ, ಎಲ್ಲರ ಜೊತೆ, ವಾರಕ್ಕೆ ಮೂರು ದಿನ ವ್ಯಾಯಾಮ, ಜೊತೆಗೆ ಊಟದ ಮಾತು, ಒಂದೂವರೆ ವರ್ಷ ಬಿಡದೆ. ಬೇರೆ ಗುಂಪಿಗಿಂತ ಸರಾಸರಿ 3.2 ಕೆಜಿ ಕಮ್ಮಿ. 3 ಕೆಜಿ ಅಂದ್ರೆ ಮೇಷ್ಟ್ರು ನಗಬಹುದು, ಆದ್ರೆ ಅದು ಓಲಾಂಜಪಿನ್ ಥರದ ಮಾತ್ರೆಗಳ ಎದುರು ಈಜಿ ಗಳಿಸಿದ ಮೂರು ಕೆಜಿ.

ಸಿಸ್ಟರ್ ಹೇಳಿದ 'ಮೊದಲೇ ಹಿಡೀರಿ' ಅನ್ನೋದಕ್ಕೂ ಸಾಕ್ಷಿ ಇದೆ. ಸಿಡ್ನಿಯ ಬಾಂಡೈಯಲ್ಲಿ ಹೊಸದಾಗಿ ಮಾತ್ರೆ ಶುರುವಾದ ಹುಡುಗ ಹುಡುಗಿಯರಿಗೆ 12 ವಾರ ನರ್ಸು, ಆಹಾರ ತಜ್ಞೆ, ವ್ಯಾಯಾಮದವರು, ಜೊತೆಗೆ ತಾವೂ ಕಾಯಿಲೆ ಅನುಭವಿಸಿದವರು, ಎಲ್ಲಾ ಸೇರಿ ನಿಂತ್ರು. ಆ ಗುಂಪಿನ ತೂಕ ಏರಿದ್ದು 1.8 ಕೆಜಿ, ಮಾಮೂಲಿ ಚಿಕಿತ್ಸೆಯವರದ್ದು 7.8. ಚಿಕ್ಕ ಅಧ್ಯಯನ, ಮೂವತ್ತು ಜನವೂ ಇರಲಿಲ್ಲ, ಅದಕ್ಕೇ ನಾನು ಅದನ್ನ ತಲೆ ಮೇಲೆ ಹೊತ್ತು ತಿರುಗಲ್ಲ. ಆದ್ರೂ ದಾರಿ ತೋರಿಸುತ್ತೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ನನಗೆ ಕಾಣೋದು ಇಷ್ಟು: "ನಡೀರಿ" ಅಂದವರ ಜೊತೆ ಯಾರೂ ಬರಲಿಲ್ಲ, ಜೊತೆಗೆ ನಡೆದವರ ಹಿಂದೆ ಬಂದ್ರು.

ಸಕ್ಕರೆ, ಬಿಪಿಗೆ ದುಡ್ಡು ಬೇಕಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಎನ್‌ಸಿಡಿ (ಸಕ್ಕರೆ, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ ಇರುತ್ತೆ, ಮಂಗಳವಾರ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯದ ಕ್ಲಿನಿಕ್ಕಿಗೆ ಮಾತ್ರೆಗೆ ಬಂದವರನ್ನ ಅದೇ ದಿನ ಅಲ್ಲಿಗೂ ಕರ್ಕೊಂಡು ಹೋದ್ರೆ ಆಯ್ತು. ಎರಡು ಬಾಗಿಲ ನಡುವೆ ಐವತ್ತು ಹೆಜ್ಜೆ, ಯಾರಾದ್ರೂ ಕೈ ಹಿಡ್ಕೊಂಡು ಹೋಗಬೇಕು ಅಷ್ಟೇ.

ಮುದ್ದೆಕೋಲು, ಹೊಳೆನರಸೀಪುರ | ಭಾನುವಾರ ಬೆಳಗ್ಗೆ 10.10

ಊಟದ ಇಚಾರ ನಂಗೆ ಬಿಡಿ. ಹದಿನಾರು ವರ್ಸ ಹಾಸ್ಟೆಲ್ಲಲ್ಲಿ ಅಡುಗೆ ಮಾಡಿವ್ನಿ.

ಮೊದ್ಲು ಒಂದು ಬ್ರಮೆ ಬುಡಿ. ಮುದ್ದೆ ತಿಂದ್ರೆ ದಪ್ಪ ಆಗಲ್ಲ ಅಂತಾರಲ್ಲ, ಸುಳ್ಳು. ರಾಗಿ ಒಳ್ಳೇದೇ, ನಾರೈತೆ, ಕ್ಯಾಲ್ಸಿಯಂ ಐತೆ, ಆದ್ರೆ ತೂಕಕ್ಕೆ ತೂಕ ಅಕ್ಕಿಗಿಂತ ಬಾಳ ಹಗುರ ಏನಲ್ಲ. ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನ ಹಾಕ್ಕೊಂಡ್ರೆ ಗದ್ದೆ ಉಳೋನ ಊಟ ಆಯ್ತು, ಕೂತು ಕವರ್ ಅಂಟಿಸೋನ್ದಲ್ಲ. ಒಂದು ಮುದ್ದೆ, ಅದೂ ಕಿತ್ತಳೆ ಗಾತ್ರದ್ದು. ಸಾರು ಮಾತ್ರ ಎರಡು ಸೌಟು ಜಾಸ್ತಿ, ಅದೂ ಗಟ್ಟಿ. ಮಸ್ಸೊಪ್ಪು, ಹುರಳಿಕಟ್ಟಿನ ಸಾರು, ಬಸ್ಸಾರು. ಬಸ್ದಿದ್ ಸೊಪ್ಪು ಕಾಳು ಪಲ್ಯ ತಟ್ಟೇಲಿ ಮೊದ್ಲು ಬಡಿಸಿ, ಅದು ಅರ್ಧ ಖಾಲಿ ಆದ್ಮೇಲೆ ಮುದ್ದೆ. ನಮ್ಮ ಕಡೆ ಉಲ್ಟಾ, ಮುದ್ದೆ ಮೊದ್ಲು, ಪಲ್ಯ ನಂಚ್ಕೊಳಕ್ಕೆ. ಕ್ಲೋಜಪಿನ್ ಅಂತ ಸಿಸ್ಟರ್ ಅಂದ್ರಲ್ಲ, ನಮ್ಮ ಅಣ್ಣನ ಮಗ ಅದನ್ನೇ ತಗೋತಾನೆ, ಮಲಬದ್ಧತೆ ಬಾಳ ಜೋರು. ಡಾಕ್ಟ್ರು ಅದನ್ನ ಸಣ್ಣದು ಅನ್ಕೋಬ್ಯಾಡಿ, ಎರಡು ಮೂರು ದಿನ ಆಗ್ಲಿಲ್ಲ ಅಂದ್ರೆ ಬಂದ್ಬುಡಿ ಅಂದವ್ರೆ. ಸೊಪ್ಪು, ನೀರು ಅದಕ್ಕೂ ಬೇಕು.

ಈಗ ಕೇಂದ್ರದ ಟೀ. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ ಹೆಚ್ಚುಕಮ್ಮಿ ಹತ್ತು ಗ್ರಾಂ. ಅಲ್ಲಿ ಎರಡು, ಮನೇಲಿ ಎರಡು, ನಾಲ್ವತ್ತು ಗ್ರಾಂ ಆಯ್ತು. ಒಂದೇ ದಿನ ನಿಲ್ಲಿಸಿದ್ರೆ ಗಲಾಟೆ ಆಗ್ತದೆ. ಆಯಮ್ಮಂಗೆ ಹೇಳಿ, ವಾರಕ್ಕೆ ಅರ್ಧರ್ಧ ಚಮಚ ಇಳಿಸ್ತಾ ಹೋಗ್ಲಿ, ಬಾಯ್ಬಿಟ್ಟು ಹೇಳೋದು ಬ್ಯಾಡ. ಬನ್ನು ತೆಗೆದು ಉಸ್ಲಿ. ಬನ್ನು ಎಂಟು ರೂಪಾಯಿ ಅಂದ್ರೂ ಇಪ್ಪತ್ತಾರು ಜನಕ್ಕೆ ಇನ್ನೂರು ದಾಟ್ತದೆ. ಅದೇ ದುಡ್ಡಲ್ಲಿ ಹುರಳಿ, ಕಡ್ಲೆ, ಹೆಸರು ಸುತ್ತಿ ಸುತ್ತಿ ಮಾಡಿದ್ರೂ ಉಳೀತದೆ.

ರಾತ್ರಿ ಹಸಿವಿಗೆ, ತಾಯಿ, ಬೈಬ್ಯಾಡಿ, ಬೀಗಾನೂ ಹಾಕ್ಬ್ಯಾಡಿ. ತಪ್ಪಲೇಲಿ ಅನ್ನ ಉಳಿಯದಂಗೆ ಅಳತೆ ಮಾಡಿ ಮಾಡಿ. ಅದೇ ಜಾಗದಲ್ಲಿ ಸೌತೆಕಾಯಿ, ಮಜ್ಜಿಗೆ, ಒಂದು ಹಿಡಿ ಹುರಿಗಡಲೆ ಇಡಿ. ಕತ್ತಲಲ್ಲಿ ಕೈಗೆ ಏನ್ ಸಿಗ್ತದೋ ಅದನ್ನ ತಿಂತಾನೆ ಹುಡ್ಗ.

ತಮ್ಮನ ಅಕ್ಕ, ಹಾಸನ | ಭಾನುವಾರ ರಾತ್ರಿ 9.30

'ಬೀಗಾನೂ ಹಾಕ್ಬ್ಯಾಡಿ' ಓದಿ ನಾಚಿಕೆ ಆಯ್ತು ಅಣ್ಣ. ನಿನ್ನೆ ಅಮ್ಮನಿಗೆ ಬೀರುವಿನ ಬೀಗ ಹುಡುಕೋಕೆ ಹೇಳಿದ್ದೆ.

ಇವತ್ತು ಸಂಜೆ ನಾನೂ ಅವನೂ ಮಹಾರಾಜಾ ಪಾರ್ಕಿಗೆ ಹೋಗಿದ್ವಿ. ಮೊದಲನೇ ಸುತ್ತಿಗೇ ನನಗೆ ಏದುಸಿರು, ಅವನಿಗಲ್ಲ! ಬೆಂಚಲ್ಲಿ ಕೂತಿದ್ದ ಇಬ್ಬರು ಗಂಡಸರು ಅವನ ನಡಿಗೆ ನೋಡಿ ಏನೋ ಅಂದ್ಕೊಂಡು ನಕ್ರು. ಮಾತ್ರೆಯಿಂದ ಕೈ ಬೀಸಲ್ಲ ಅವನು, ಕೈ ಎರಡೂ ಪಕ್ಕಕ್ಕೆ ಅಂಟಿಸಿದಂಗೆ ನಡೀತಾನೆ. ಎರಡನೇ ಸುತ್ತಿಗೆ ಬರಲ್ಲ ಅಂದ. ಮೇಷ್ಟ್ರೇ, ಜನ ಇರೋ ಪಾರ್ಕು ಬೇಡ್ವೇನೋ?

ಪಿಟಿ ಮೇಷ್ಟ್ರು, ಚನ್ನರಾಯಪಟ್ಟಣ | ಭಾನುವಾರ ರಾತ್ರಿ 10.05

ತಪ್ಪಾಯ್ತು. ಮೇಲೆ ಬರೆದದ್ದನ್ನ ಅಳಿಸೋಣ ಅನ್ಕೊಂಡೆ, ಇರಲಿ ಬಿಡಿ, ನನ್ನಂಥೋರು ಇನ್ನೂ ಇದ್ದಾರೆ, ಓದ್ಲಿ.

ನಿನ್ನೆಯಿಂದ ಯೋಚನೆ ಮಾಡಿ ಹೊಸದಾಗಿ ಹೇಳ್ತೀನಿ. ಸಮಯ ಬೆಳಗ್ಗೆ 10.45, ಟೀಗೆ ಮುಂಚೆ. ನಡೆದು ಬಂದವರಿಗೆ ಉಸ್ಲಿ ಕಾಯ್ತಿರುತ್ತೆ. ಮೊದಲ ಎರಡು ವಾರ ಹತ್ತೇ ನಿಮಿಷ, ಕೇಂದ್ರದ ಕಾಂಪೌಂಡಲ್ಲೇ. ವಾರಕ್ಕೆ 150 ನಿಮಿಷ ಅನ್ನೋದು ಎಲ್ಲರಿಗೂ ಹೇಳೋ ಲೆಕ್ಕ, ಅದನ್ನ ಹತ್ತು ಹತ್ತು ನಿಮಿಷವಾಗಿ ಮುರಿದ್ರೂ ಲೆಕ್ಕಕ್ಕೆ ಬರುತ್ತೆ. ಅಲ್ಲಿಗೆ ಮುಟ್ಟೋಕೆ ಆರು ತಿಂಗಳಾದ್ರೂ ಚಿಂತೆಯಿಲ್ಲ. ಮಳೆ ಬಂದ್ರೆ ಒಳಗೇ ರಿಂಗು. ಹೌದು, ಆ ರಬ್ಬರ್ ಉಂಗುರ, ನಡುವೆ ಒಂದು ಹಗ್ಗ ಕಟ್ಟಿ ಎಸೆದಾಡೋದು. ಹಿಡಿಯೋಕೆ ಕೈ ಎತ್ತಲೇಬೇಕು, ಕೈ ಬೀಸು ತಾನಾಗಿ ಬರುತ್ತೆ. ನಮ್ಮ ಶಾಲೆಯಲ್ಲಿ ಹಳೇ ರಿಂಗು ಐದಾರು ಇವೆ, ಶುಕ್ರವಾರ ಹಾಸನಕ್ಕೆ ಬರೋದಿದೆ, ತಂದುಕೊಡ್ತೀನಿ.

ಸಿಬ್ಬಂದಿ ಪಕ್ಕದಲ್ಲಿ ನಿಂತು ಸೀಟಿ ಊದಬಾರದು. ಅವರೂ ಆಡಬೇಕು. ಇದನ್ನ ಷರತ್ತು ಅಂತಲೇ ಬರೀರಿ.

ನಾನೂ ಮಾತ್ರೆಯವನೇ | ಭಾನುವಾರ ರಾತ್ರಿ 10.30

ಮೇಷ್ಟ್ರೇ, ಈಗ ನಿಮ್ಮ ತರಗತಿಗೆ ನಾನೂ ಬರ್ತೀನಿ.

ಬೀಡಿ ವಿಷಯ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಸುಮಾರು ಜನ ಸೇದ್ತಾರೆ. ಆರೋಗ್ಯ ಕಾರ್ಯಕ್ರಮ ಅಂದ ತಕ್ಷಣ ಯಾರಾದ್ರೂ 'ನಾಳೆಯಿಂದ ಬೀಡಿ ಬಂದ್' ಅಂತಾರೆ. ಸಿಸ್ಟರ್, ಅದಕ್ಕೂ ಮಾತ್ರೆಗೂ ಏನೋ ನಂಟಿದೆ ಅಲ್ವಾ?

ಸಿಸ್ಟರ್ ಅರಕಲಗೂಡು | ಸೋಮವಾರ ಬೆಳಗ್ಗೆ 6.20

ಇದೆ, ಒಳ್ಳೇ ಪ್ರಶ್ನೆ. ಹೊಗೆಯಲ್ಲಿರೋ ಕೆಲವು ವಸ್ತುಗಳು ಯಕೃತ್ತಿನಲ್ಲಿ ಕ್ಲೋಜಪಿನ್, ಓಲಾಂಜಪಿನ್ ಎರಡನ್ನೂ ಬೇಗ ಕರಗಿಸ್ತವೆ. ಸೇದೋನು ಇದ್ದಕ್ಕಿದ್ದಂಗೆ ನಿಲ್ಲಿಸಿದ್ರೆ ಅದೇ ಮಾತ್ರೆ ರಕ್ತದಲ್ಲಿ ಏರುತ್ತೆ, ಕ್ಲೋಜಪಿನ್ನಲ್ಲಂತೂ ಇದು ಗಂಭೀರ. ಬಿಡೋದು ಒಳ್ಳೇದೇ, ಬಿಡಿಸೋಣ. ಆದ್ರೆ ಡಾಕ್ಟ್ರಿಗೆ ಮೊದಲೇ ಹೇಳಿ, ಮಾತ್ರೆ ಪ್ರಮಾಣ ನೋಡಿಸಿಕೊಂಡು. ಹೊಗೆಯಿಂದ ಆಗೋದು ಇದು, ನಿಕೋಟಿನ್‌ನಿಂದಲ್ಲ, ಹಾಗಾಗಿ ನಿಕೋಟಿನ್ ಗಮ್ ಹಾಕ್ಕೊಂಡ್ರೂ ಈ ಏರಿಕೆ ತಪ್ಪಲ್ಲ.

ಮೂಡಿಗೆರೆ ಮಳೆ | ಸೋಮವಾರ ಮಧ್ಯಾಹ್ನ 2.00

ರಿಂಗು ಆಟ ಒಪ್ಪಿದೆ. ಮಳೆಗಾಲಕ್ಕೆ ಅದೇ ಸರಿ. ಯೋಗ ಯಾಕೆ ಯಾರೂ ಹೇಳ್ಲಿಲ್ಲ? ನಮ್ಮ ದೇಶದ್ದೇ ಅಲ್ವಾ?

ಕ್ಷೇತ್ರ ಕೆಲಸ | ಸೋಮವಾರ ಸಂಜೆ 7.15

ಹೇಳಬೇಕಿತ್ತು ಸಾರ್. ನಿಮ್ಹಾನ್ಸ್‌ನವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇದ್ದ 61 ಜನರಲ್ಲಿ ಮಾತ್ರೆಯ ಜೊತೆಗೆ ಕೆಲವರಿಗೆ ಯೋಗ, ಕೆಲವರಿಗೆ ಬರೀ ವ್ಯಾಯಾಮ ಕೊಟ್ಟು ನೋಡಿದ್ರು. ಉತ್ಸಾಹ ಇಲ್ಲದಿರೋದು, ಜನರಿಂದ ದೂರ ಸರಿಯೋದು ಇಂಥ ಲಕ್ಷಣಗಳಲ್ಲಿ ಯೋಗದವರು ಮುಂದಿದ್ರು. ಕಲಿಸೋಕೆ ಗೊತ್ತಿರೋರು ಸಿಕ್ಕಿದ್ರೆ ಖಂಡಿತ ಮಾಡಿ. ಸಿಗೋವರೆಗೂ ರಿಂಗು ಕಟ್ಟಿಡಬೇಡಿ.

ತಮ್ಮನ ಅಕ್ಕ, ಹಾಸನ | ಮುಂದಿನ ಮಂಗಳವಾರ ರಾತ್ರಿ 8.45

ಶನಿವಾರದ ಸಭೆ ಮುಗೀತು. ಒಂದೇ ಪುಟ ಬರ್ಕೊಂಡು ಹೋಗಿದ್ದೆ, ಅರ್ಧ ನಿಮ್ಮ ಮಾತುಗಳೇ. ಸಿಬ್ಬಂದಿಯೂ ಆಡಬೇಕು ಅನ್ನೋ ಸಾಲಿಗೆ ಒಬ್ಬರು ಮುಖ ಗಂಟು ಹಾಕಿದ್ರು, "ನಮ್ಮ ರಿಜಿಸ್ಟರ್ ಕೆಲಸ ಯಾರು ಮಾಡ್ತಾರೆ" ಅಂತ. ಅವರ ಕಷ್ಟವೂ ನಿಜ. ಕೊನೆಗೆ ದಿನಕ್ಕೊಬ್ಬರು ಅಂತ ಒಪ್ಪಿದ್ರು. ತೂಕದ ಪುಸ್ತಕ ಒಳಗಿನ ಕೋಣೆಯಲ್ಲಿ, ಒಬ್ಬೊಬ್ಬರೇ. ಬೇಡ ಅಂದವರಿಗೆ ಬಲವಂತ ಇಲ್ಲ.

ಇವತ್ತು ಮೊದಲ ದಿನ. 22ರಲ್ಲಿ ಹೊರಗೆ ಬಂದಿದ್ದು ಒಂಬತ್ತು. ಇಬ್ಬರು ಬಾಗಿಲಿಗೆ ಬಂದು ವಾಪಸ್ ಹೋಗಿ ಟಿವಿ ಮುಂದೆ ಕೂತ್ರು. ನನ್ನ ತಮ್ಮ ಮೊದಲ ಐದು ನಿಮಿಷ ಗೋಡೆಗೆ ಒರಗಿ ನಿಂತಿದ್ದ. ರಿಂಗು ಅವನ ಕಾಲ ಹತ್ರ ಬಂದು ಬಿತ್ತು, ಬಗ್ಗಿ ಎತ್ತಿದ, ಎಸೆದ. ಅದು ಹಗ್ಗ ದಾಟಿ, ಆಯಮ್ಮನ್ನೂ ದಾಟಿ ಚರಂಡಿಗೆ ಹೋಯ್ತು. ಆಯಮ್ಮ ಬೈದ ಬೈಗುಳ ಇಲ್ಲಿ ಬರೆಯೋಕಾಗಲ್ಲ. ಒಂಬತ್ತು ಜನವೂ ನಕ್ರು. ಪ್ಯಾಂಟಿನ ಪಿನ್ನು ಕಿತ್ತುಹೋಗಿತ್ತು, ಒಂದು ಕೈಯಲ್ಲಿ ಸೊಂಟ ಹಿಡ್ಕೊಂಡೇ ಮಿಕ್ಕ ಆಟ ಆಡಿದ.

ಉಸ್ಲಿ ಮಾತ್ರ ಎಡವಟ್ಟಾಯ್ತು. ಹುರಳಿ ಬೆಳಗ್ಗೆ ನೆನೆಹಾಕಿ ಹನ್ನೊಂದಕ್ಕೆ ಬೇಯಿಸಿದ್ದಾರೆ, ಕಲ್ಲು. ಅರ್ಧ ಜನ ತಟ್ಟೆಯಲ್ಲೇ ಬಿಟ್ಟು "ಬನ್ನು ಎಲ್ಲಿ?" ಅಂದ್ರು. ಮುದ್ದೆಕೋಲು ಅಣ್ಣ, ಗುರುವಾರಕ್ಕೆ ಎಷ್ಟು ಹಾಕಬೇಕು, ಯಾವಾಗ ನೆನೆಸಬೇಕು, ಸರಿಯಾಗಿ ಹೇಳಿಬಿಡಿ. ಆಯಮ್ಮನಿಗೆ ಓದಿ ಹೇಳ್ತೀನಿ.

ಮುದ್ದೆಕೋಲು, ಹೊಳೆನರಸೀಪುರ | ಮಂಗಳವಾರ ರಾತ್ರಿ 9.10

ಹುರಳಿ ಬಾಳ ಹಟದ ಕಾಳು ತಾಯಿ, ರಾತ್ರಿಯೆಲ್ಲಾ ನೆನೀಬೇಕು. ನಾಳೆ ಸಂಜೆ ಆಯಮ್ಮ ಮನೆಗೆ ಹೋಗೋ ಮುಂಚೆ ಬಿಸಿನೀರಲ್ಲಿ ಹಾಕಿ ಹೋಗ್ಲಿ. ಜನಕ್ಕೆ 30 ಗ್ರಾಂ ಲೆಕ್ಕ ಇಡಿ, 26 ಜನಕ್ಕೆ ಮುಕ್ಕಾಲು ಕೆಜಿ ಮೇಲೆ ಒಂದು ಹಿಡಿ. ಬೆಳಗ್ಗೆ ಬಂದ ತಕ್ಷಣ ಕುಕ್ಕರ್ಗೆ, ಏಳೆಂಟು ಕೂಗು. ಬೇಯೋಕೆ ಇಟ್ಟಾಗ ಉಪ್ಪು ಬ್ಯಾಡ, ಒಗ್ಗರಣೆಲಿ ಹಾಕಿ. ಬೆಂದ ನೀರು ಚೆಲ್ಬ್ಯಾಡಿ, ಮಧ್ಯಾಹ್ನ ಸಾರಾಗ್ತದೆ. ಕಾಯಿತುರಿ, ಈರುಳ್ಳಿ, ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡಿ. ಆಯಮ್ಮಂಗೂ ಒಂದು ತಟ್ಟೆ ಎತ್ತಿಡಿ, ಅವರ್ನ ಮರೀತೀರಿ ನೀವೆಲ್ಲ.